ಎಡಗಾಲು

ದೊಡ್ಡ ಡ್ರಮ್ಮು ಯಾರಿಗೂ ಬೇಡವಾಗಿತ್ತು. ಅದಕ್ಕೇ ನನಗೆ ಸಿಕ್ಕಿತು.

ತೊಂಬತ್ತೆಂಟನೇ ಇಸವಿಯ ಜೂನ್. ನಾನು ಎಂಟನೇ ಇಯತ್ತೆಗೆ ಮುಂಡಗೋಡ ಸೀಮೆಯ ಒಂದು ಹೈಸ್ಕೂಲು ಸೇರಿದ್ದೆ. ಶಾಲೆಯ ಹೆಸರು ಹೇಳುವುದಿಲ್ಲ. ಅಷ್ಟು ಮರ್ಯಾದೆಯನ್ನು ನಾನ್ಯಾಕೆ ಅದಕ್ಕೆ ಕೊಡಲಿ? ಆಗಸ್ಟಿನಲ್ಲಿ ಶಾಲೆಯ ಹೊಸ ಕಟ್ಟಡದ ಉದ್ಘಾಟನೆ ಇತ್ತು, ಮಂತ್ರಿಗಳು ಬರುವವರಿದ್ದರು. ಅದಕ್ಕೆ ಹುಡುಗಿಯರ ಬ್ಯಾಂಡು ಬೇಕಾಗಿತ್ತು. ಪಿ.ಟಿ. ಮಾಸ್ತರ ಶಿವಲಿಂಗಪ್ಪ ಮೊದಲ ವಾರವೇ ನಮ್ಮನ್ನೆಲ್ಲ ಮೈದಾನದಲ್ಲಿ ಸಾಲಾಗಿ ನಿಲ್ಲಿಸಿದ. ಅವನಿಗೆ ಬಹುವಚನ ಹಚ್ಚಲು ನನ್ನ ನಾಲಿಗೆ ಏಳುವುದಿಲ್ಲ, ತಿಳಿದವರು ಬೇಕಾದರೆ ಮನಸ್ಸಿನಲ್ಲೇ ಹಚ್ಚಿಕೊಳ್ಳಲಿ.

ಕೊಳಲಿಗೆ ಹುಡುಗಿಯರು ಮುಗಿಬಿದ್ದರು. ಸಣ್ಣ ಡ್ರಮ್ಮಿಗೂ ಬಿದ್ದರು. ತಾಳಕ್ಕೂ ಇಬ್ಬರು ಸಿಕ್ಕರು. ದೊಡ್ಡ ಡ್ರಮ್ಮು ಮಾತ್ರ ನೆಲದ ಮೇಲೆ ಹಾಗೇ ಕೂತಿತ್ತು. ಅದನ್ನು ಎದೆಯ ಮುಂದೆ ಕಟ್ಟಿಕೊಂಡು ನಡೆಯಬೇಕು, ಪಟ್ಟೆ ಎರಡೂ ಹೆಗಲ ಮೇಲೆ ಬರುತ್ತದೆ. ಮಾಸ್ತರ ಮೊದಲು ದ್ರಾಕ್ಷಾಯಣಿಯನ್ನು ಕೇಳಿದ. ಅವಳು ಶಾಲಾ ಕಮಿಟಿಯ ಅಧ್ಯಕ್ಷ ಅಂದಾನೆಪ್ಪನ ಮಗಳು, ನನ್ನದೇ ವರ್ಗ. ಒಮ್ಮೆ ಎತ್ತಿ ನೋಡಿ ಕೆಳಗಿಟ್ಟಳು.

"ಅವ್ವಯ್ಯ, ಭಾರ ಐತ್ರಿ ಸರ್. ನಾ ಒಲ್ಲೆ."

ಮಾಸ್ತರ ಸಾಲಿನುದ್ದಕ್ಕೂ ಕಣ್ಣಾಡಿಸಿದ. ನನ್ನ ತೋಳು ನೋಡಿದ. ಸಂತೆಗೆ ಬಂದವನು ದನದ ಮೈ ನೋಡುತ್ತಾನಲ್ಲ, ಹಾಗೆ.

"ಏ ತಾಂಡಾದಾಕಿ, ನೀ ಕಟಗಿ ಹೊರೂಕಿ ಅಲ್ಲೇನ? ಬಾ, ಇದನ್ನ ಹೊರು."

ಹೌದು, ನಾನು ಕಟ್ಟಿಗೆ ಹೊರುವವಳೇ. ನನ್ನ ಹೆಸರು ತುಳಜಾ. ಲಂಬಾಣಿ ತಾಂಡಾದ ಜಮುನಾಬಾಯಿಯ ಮಗಳು. ಕಾಡಿನಿಂದ ಒಣಕಟ್ಟಿಗೆ ಆರಿಸಿ, ಹೊರೆ ಕಟ್ಟಿ, ಪೇಟೆಯ ಹೋಟೆಲುಗಳಿಗೆ ಹಾಕಿ ಬರುವುದು ನನಗೆ ಕಾಲು ಬಂದಾಗಿನಿಂದಲೂ ಗೊತ್ತು. ಗಾರ್ಡು ಸಿಕ್ಕರೆ ಹೊರೆ ಅವನ ಮನೆಯ ಒಲೆಗೆ ಹೋಗುತ್ತಿತ್ತು, ಕುಡುಗೋಲೂ ಹೋಗುತ್ತಿತ್ತು. ಹೊರೆ ಹೊರುವವರ ಕತ್ತು ಹೇಗಿರುತ್ತದೆ ಅಂತ ಮಾಸ್ತರನಿಗೆ ಗೊತ್ತಿತ್ತು. ಅವನು ಹುಡುಕಿದ್ದು ಬ್ಯಾಂಡಿಗೆ ಹುಡುಗಿಯನ್ನಲ್ಲ, ಹಮಾಲಿಯನ್ನು.

ನನಗೆ ಅದರಿಂದ ಬೇಜಾರಾಗಲಿಲ್ಲ. ಸುಳ್ಳು ಯಾಕೆ ಹೇಳಲಿ, ಖುಷಿಯೇ ಆಯಿತು. ಪಟ್ಟೆ ಹೆಗಲಿಗೆ ಹಾಕಿಕೊಂಡು ಒಂದು ಏಟು ಹಾಕಿದೆ. ಆ ಸದ್ದು ನನ್ನ ಹೊಟ್ಟೆಯೊಳಗೇ ಹೊಕ್ಕಿತು.

"ಕೇಳ್ರಿ ಎಲ್ಲಾರೂ," ಮಾಸ್ತರ ಸೀಟಿ ಊದಿ ಹೇಳಿದ. "ದೊಡ್ಡ ಡ್ರಮ್ ಬಿದ್ದಾಗ ಎಡಗಾಲು ಬೀಳಬೇಕು. ಬ್ಯಾಂಡಿನವ್ರದೂ, ಹಿಂದ ಬರೋ ಇಡೀ ಸಾಲಿಂದೂ. ತಪ್ಪಿದ್ರ ಮೀನಖಂಡಕ್ಕ ಬಡಿಗಿ ಬೀಳ್ತೈತಿ."

ಧಂ ಎಂದು ಬಡಿದೆ. ಎಡಗಾಲುಗಳು ಬಿದ್ದವು. ಮತ್ತೆ ಬಡಿದೆ. ಮತ್ತೆ ಬಿದ್ದವು. ಸ್ವಲ್ಪ ತಡೆದೆ. ಎಲ್ಲರ ಕಾಲೂ ಗಾಳಿಯಲ್ಲಿ ತಡೆದವು. ದ್ರಾಕ್ಷಾಯಣಿಯ ಕಾಲಲ್ಲಿ ಹೊಳೆಯುವ ಬೂಟು ಇತ್ತು, ಅದೂ ಕಾದಿತ್ತು. ಅವಳಪ್ಪನ ಗದ್ದೆಯಲ್ಲಿ ನನ್ನವ್ವ ಸೊಂಟ ಬಗ್ಗಿಸಿ ಭತ್ತ ನಾಟಿ ಮಾಡುತ್ತಿದ್ದಳು, ಅವನ ಮಿಲ್ಲಿನಲ್ಲಿ ಅಕ್ಕಿ ಕೇರುತ್ತಿದ್ದಳು. ಅವನು ನಿಲ್ಲು ಅಂದರೆ ಅವ್ವ ನಿಲ್ಲುತ್ತಿದ್ದಳು. ಈಗ ಅವನ ಮಗಳ ಕಾಲು ನಾನು ಬಿಡು ಅಂದರೆ ಮಾತ್ರ ನೆಲಕ್ಕೆ ಬೀಳುತ್ತಿತ್ತು. ಆ ಸುಖವನ್ನು ನಾನು ಯಾರಿಗೂ ಹೇಳಲಿಲ್ಲ.

ಮಳೆಯಲ್ಲಿ, ಕೆಸರಲ್ಲಿ, ತಾಲೀಮು ನಡೆಯಿತು. ಪಟ್ಟೆ ಹೆಗಲಿನ ಚರ್ಮ ಕಿತ್ತಿತು. ಅಂಗಿ ಅಂಟಿಕೊಂಡು ಒಣಗುತ್ತಿತ್ತು, ಸಂಜೆ ಬಿಚ್ಚುವಾಗ ಗಾಯ ಮತ್ತೆ ಬಾಯಿ ತೆರೆಯುತ್ತಿತ್ತು. ಅವ್ವ ಅರಿಸಿನ ಎಣ್ಣೆ ಹಚ್ಚಿದಳು. ತನ್ನ ಹಳೆಯ ಕುಪ್ಪಸ ಹರಿದು, ನಾಲ್ಕು ಮಡಿಕೆ ಮಾಡಿ, ಹೆಗಲಿಗೆ ಇಟ್ಟುಕೊಳ್ಳಲು ದಪ್ಪನೆಯ ಮೆತ್ತೆ ಹೊಲಿದು ಕೊಟ್ಟಳು. ಮನೆಯಲ್ಲಿ ನಾನು ಎಣ್ಣೆಯ ಖಾಲಿ ಡಬ್ಬವನ್ನು ಬೋರಲು ಹಾಕಿಕೊಂಡು ಬಡಿಯುತ್ತಿದ್ದೆ. ತಾಂಡಾದ ಮಕ್ಕಳೆಲ್ಲ ಅಂಗಳದಲ್ಲಿ ಸಾಲಾಗಿ ನಿಂತು ಎಡಗಾಲು ಕುಟ್ಟುತ್ತಿದ್ದವು.

ತಾಂಡಾದ ಮುಖ್ಯಸ್ಥ ಲಾಲು ನಾಯಕನಿಗೆ ಇದು ಸರಿಬರಲಿಲ್ಲ. ನಮ್ಮಲ್ಲಿ ನಗಾರಿ ಬಾರಿಸುವುದು ಗಂಡಸರು.

"ಜಮುನಾ, ಹೆಣ್ಣ ಹುಡುಗಿ ಕೊಳ್ಳಾಗ ಹಾಕ್ಕೊಂಡು ಬಡದ್ರ ತಾಂಡಾದ ಮಾನ ಉಳಿತೈತೇನ?"

ಅವ್ವ ಒಲೆಯ ಮುಂದಿನಿಂದ ಏಳಲೂ ಇಲ್ಲ.

"ಕಟಗಿ ಹೊರಿ ಹೊರೂವಾಗ ಹೆಣ್ಣ ಹುಡುಗಿ ಅಂತ ನಿನಗ ನೆನಪಾಗಿರ್ಲಿಲ್ಲೇನ ನಾಯಕ? ಹೊರಾಕ ನಾವು, ಬಾರಸಾಕ ನೀವು. ಚೊಲೋ ಐತಿ ನಿಮ್ಮ ಮಾನ."

ನಾಯಕ ಬೀಡಿ ಹಚ್ಚಿಕೊಂಡು ಎದ್ದು ಹೋದ. ಅವ್ವ ನನ್ನ ಕಡೆ ನೋಡಿ ನಕ್ಕಳು. ಅವಳು ನಗುವುದು ಅಪರೂಪ.

ತಾಲೀಮು ಮುಗಿದ ಮೇಲೆ ಕೆಲವು ದಿನ ಅಂದಾನೆಪ್ಪನ ಮನೆಯಲ್ಲಿ ಬ್ಯಾಂಡಿನವರಿಗೆ ಅವಲಕ್ಕಿ, ಚಹಾ. ಹುಡುಗಿಯರೆಲ್ಲ ಪಡಸಾಲೆಗೆ ಹೋಗುತ್ತಿದ್ದರು. ನಾನು ಹೊಸ್ತಿಲ ತನಕ ಹೋದಾಗ ಅವನ ಹೆಂಡತಿ ಅಡ್ಡ ನಿಂತಳು.

"ನೀ ಹೊರಗ ಕುಂಡ್ರ. ಡ್ರಮ್ ಕಾಯಬೇಕಲ್ಲ."

ಡ್ರಮ್ಮನ್ನು ಯಾರು ಕದಿಯುತ್ತಾರೆ? ಒಳಗೆ ಹೋಗಿ ಅವಳು ಯಾರಿಗೋ ಹೇಳಿದ್ದು ನನಗೆ ಕೇಳಿಸಿತು. "ತಾಂಡಾದಾವ್ರು ಒಳಗ ಬಂದು ಹೋದ್ರ ಬಟ್ಲ ಎಣಿಸಿ ಇಡಬೇಕಾಕ್ಕತಿ." ಎಲ್ಲರೂ ನಕ್ಕರು. ಕಾಗದದ ಮೇಲೆ ಅವಲಕ್ಕಿ ಬಂತು. ಗೇಟಿನ ಹತ್ತಿರ ಡ್ರಮ್ಮಿಗೆ ಒರಗಿ ಕೂತು ತಿಂದೆ. ಹಸಿವಾಗಿತ್ತು, ತಿಂದೆ. ಮರುದಿನ ತಾಲೀಮಿನಲ್ಲಿ ಅವರೆಲ್ಲರ ಕಾಲನ್ನು ಮಾಸ್ತರ ಸೀಟಿ ಊದುವವರೆಗೂ ಜೋರಾಗಿ ಓಡಿಸಿದೆ. ಏದುಸಿರು ಬಿಟ್ಟರು. ಹಾಂ, ನಗ್ರಿ ಈಗ, ಅಂದುಕೊಂಡೆ.

ಉದ್ಘಾಟನೆಗೆ ಮೂರ್ನಾಲ್ಕು ದಿನ ಇರುವಾಗ ಹುಬ್ಬಳ್ಳಿಯಿಂದ ಬ್ಯಾಂಡಿನ ಬಟ್ಟೆ ಬಂದವು. ಬಿಳಿ ಅಂಗಿ, ಬಿಳಿ ಲಂಗ, ಕೆಂಪು ಪಟ್ಟಿ, ತುರಾಯಿ ಇರುವ ಟೊಪ್ಪಿಗೆ. ಮಾಸ್ತರ ಒಬ್ಬೊಬ್ಬರ ಹೆಸರು ಕೂಗಿ ಕೊಟ್ಟ. ಪೆಟ್ಟಿಗೆ ಖಾಲಿಯಾಯಿತು. ನನ್ನ ಹೆಸರು ಬರಲಿಲ್ಲ.

"ಸರ್, ನಂದ್ರಿ?"

"ನಿಂದು ಬ್ಯಾರೆ ಐತಿ. ನಿಮ್ಮವ್ವನ ಲಂಬಾಣಿ ಡ್ರೆಸ್ ಐತಿ ಅಲ್ಲ, ಕನ್ನಡಿ ಕವಡಿ ಇದ್ದದ್ದು, ಅದನ್ನ ಹಾಕ್ಕೊಂಡು ಬಾ. ಕಾಲಗಡಗ, ಗೆಜ್ಜಿ ಎಲ್ಲಾ ಇರಬೇಕು. ಮಂತ್ರಿಗಳಿಗೆ ಚಂದ ಕಾಣತೈತಿ."

"ಅದರ ಮ್ಯಾಲ ಡ್ರಮ್ ಕಟ್ಕೊಳ್ಳಾಕ ಬರೂದಿಲ್ರಿ ಸರ್."

"ಡ್ರಮ್ ನೀ ಕಟ್ಕೋಬ್ಯಾಡ. ದ್ರಾಕ್ಷಾಯಣಿ ಬಾರಸ್ತಾಳ."

ಆಗ ನೋಡಿದೆ. ಶಾಲೆಯ ಹಿಂದಿನ ಬಾಗಿಲಲ್ಲಿ ಹೊಸ ಗಾಡಿ ನಿಂತಿತ್ತು. ಸಣ್ಣ ರಬ್ಬರ್ ಗಾಲಿ, ಬಣ್ಣ ಬಳಿದ ಕಬ್ಬಿಣದ ಚೌಕಟ್ಟು. ಅಂದಾನೆಪ್ಪನ ಮಿಲ್ಲಿನಲ್ಲಿ ವೆಲ್ಡಿಂಗ್ ಮಾಡಿಸಿದ್ದು. ಡ್ರಮ್ಮು ಅದರ ಮೇಲೆ ಕೂರುತ್ತದೆ, ದ್ರಾಕ್ಷಾಯಣಿ ಹಿಂದೆ ಕೈ ಬೀಸಿಕೊಂಡು ನಡೆದು ಬಾರಿಸುತ್ತಾಳೆ. ಮಳೆಗಾಲವಿಡೀ ನನ್ನ ಹೆಗಲು ಹರಿದಾಗ ಯಾರಿಗೂ ನೆನಪಾಗದ ಗಾಲಿ, ಸಾವಕಾರನ ಮಗಳು ಮಂತ್ರಿಯ ಮುಂದೆ ಬಾರಿಸುತ್ತಾಳೆ ಅನ್ನುವಾಗ ಒಂದೇ ದಿನದಲ್ಲಿ ತಯಾರಾಗಿತ್ತು.

ಗಾಡಿಗೆ ಮುಂದೆ ಹಗ್ಗ ಕಟ್ಟಿದ್ದರು.

"ಇದನ್ನ ಯಾರು ಎಳೀತಾರ್ರಿ?" ನಾನು ಕೇಳಿದೆ. ಉತ್ತರ ಗೊತ್ತಿದ್ದೇ ಕೇಳಿದೆ.

"ನೀನ. ಆ ಡ್ರೆಸ್ಸಿನ್ಯಾಗ ಎಳಕೊಂತ ಮುಂದ ಹೋಗು. ಸ್ಟೇಜಿನ ಮುಂದ ಒಂದ್ ಸುತ್ತ ಕುಣಿ. ನಿಮಗೇನು, ಕುಣಿಯೂದು ಹುಟ್ಟಿನಿಂದ ಬಂದಿರ್ತೈತಿ."

ತಾಲೀಮಿಗೆ ಹಗ್ಗ ಹಿಡಿದೆ. ದ್ರಾಕ್ಷಾಯಣಿ ಬಾರಿಸಿದಳು. ಎರಡು ಏಟು ಸರಿ ಬಿತ್ತು, ಮೂರನೆಯದು ಜಾರಿತು. ಹಿಂದಿನವರ ಕಾಲು ಕಲಸಿಹೋದವು. ಮಾಸ್ತರ ಮತ್ತೆ ಮಾಡಿಸಿದ, ಮತ್ತೆ ಜಾರಿತು. ಅವಳ ಕಣ್ಣಲ್ಲಿ ನೀರು ಬಂತು. ಮಾಸ್ತರ ಬೆವರೊರೆಸಿಕೊಂಡ. ಆಮೇಲೆ ಅವನಿಗೆ ಒಂದು ಉಪಾಯ ಹೊಳೆಯಿತು.

"ದ್ರಾಕ್ಷಾಯಣಿ, ನೀ ಏನೂ ವಿಚಾರ ಮಾಡಬ್ಯಾಡವಾ. ಆಕಿ ಎಡಗಾಲ ನೋಡು. ಅದು ನೆಲಕ್ಕ ಬಿದ್ದಾಗ ಬಡಿ, ಅವತ್ತು ಕಾಲಗಡಗಾನೂ ಝಲ್ ಅಂತೈತಿ. ಅಷ್ಟ. ತುಳಜಾ, ನೀ ಹೆಂಗ ಬಡೀತಿದ್ದಿ, ಹಂಗ ನಡಿ."

ಹಾಗೆ ಮಾಡಿದೆವು. ಸರಿಯಾಗಿ ಬಿತ್ತು. ಇಡೀ ಶಾಲೆ ನಡೆಯಿತು. ಮಾಸ್ತರ ಚಪ್ಪಾಳೆ ತಟ್ಟಿದ. ಡ್ರಮ್ಮು ಅವಳದು, ಬಟ್ಟೆ ಅವಳದು, ಹೆಸರು ಅವಳದು. ತಾಳ ನನ್ನದು, ಹಗ್ಗವೂ ನನ್ನದು.

"ಆತಿಲ್ಲೋ?" ಮಾಸ್ತರ ಕೇಳಿದ.

"ಹೂಂ ಸರ್," ಅಂದೆ. ಅಳುತ್ತ ಮನೆಯ ದಾರಿ ಹಿಡಿದೆ. ಗದ್ದೆಯ ಬದು ದಾಟುವ ಹೊತ್ತಿಗೆ ಏನು ಮಾಡಬೇಕೆಂದು ಗೊತ್ತಾಯಿತು. ಆಮೇಲೆ ಅಳು ಬರಲಿಲ್ಲ.

ಅವ್ವನಿಗೆ ನಾನು ಹೇಳಲಿಲ್ಲ. ಬಟ್ಟೆ ಬೇಕಂತೆ ಅಂದೆ, ಅಷ್ಟೇ. ಅವಳು ತನ್ನ ಮದುವೆಯ ಪೇಟಿಯಾ ಲಂಗ, ಕಾಂಚಳಿ ಕುಪ್ಪಸ ಟ್ರಂಕಿನಿಂದ ತೆಗೆದಳು. ಬಿದ್ದುಹೋದ ಕನ್ನಡಿಗಳನ್ನು ಕೂತು ಹೊಲಿದಳು. ಕಾಲಗಡಗಗಳನ್ನು ಹುಣಸೆಹಣ್ಣು ಹಚ್ಚಿ ಉಜ್ಜಿದಳು. ಮಗಳು ಈ ಬಟ್ಟೆಯಲ್ಲಿ ಡ್ರಮ್ಮು ಬಾರಿಸುತ್ತಾಳೆ ಎಂದು ಅವಳು ತಿಳಿದಿದ್ದಳು. ನೆರೆಮನೆಯ ಗೋದುಬಾಯಿಯನ್ನೂ, ಓಣಿಯ ಎಲ್ಲ ಹೆಂಗಸರನ್ನೂ ನೋಡಲು ಕರೆದಳು. ಹೆಗಲಿನ ಮೆತ್ತೆಯ ಅಂಚಿಗೆ ಹೊಸ ದಾರ ಹಾಕಿ ಕೊಟ್ಟಳು. ಅದನ್ನು ಕುಪ್ಪಸದೊಳಗೆ ಇಟ್ಟುಕೊಂಡು ಹೋದೆ.

ಆ ದಿನ ಮಳೆ ಬಿಟ್ಟಿತ್ತು. ಮೈದಾನದ ಕೆಮ್ಮಣ್ಣು ಮೆತ್ತಗಿತ್ತು. ಸ್ಟೇಜಿನ ಮೇಲೆ ಮಂತ್ರಿ, ಅವರ ಪಕ್ಕದಲ್ಲಿ ರೇಷ್ಮೆ ಶಾಲು ಹೊದ್ದ ಅಂದಾನೆಪ್ಪ. ಒಂದು ಬದಿಗೆ ಹಗ್ಗ ಕಟ್ಟಿ ಜನರನ್ನು ನಿಲ್ಲಿಸಿದ್ದರು. ಅಲ್ಲಿ ಅವ್ವ ಇದ್ದಳು, ಗೋದುಬಾಯಿ ಇದ್ದಳು, ತಾಂಡಾದ ಹೆಂಗಸರೆಲ್ಲ ಇದ್ದರು. ಅವರ ಬಟ್ಟೆಯ ಕನ್ನಡಿಗಳು ಬಿಸಿಲಿಗೆ ಮಿನುಗುತ್ತಿದ್ದವು. ನಾನು ಹಗ್ಗವನ್ನು ಹೆಗಲ ಮೇಲೆ ಹಾಕಿಕೊಂಡು ಗಾಡಿ ಎಳೆಯುತ್ತ ಬಂದಾಗ ಅವ್ವನ ಮುಖ ನೋಡಿದೆ. ಅವಳು ಮೊದಲು ನನ್ನ ಎದೆಯ ಮೇಲೆ ಡ್ರಮ್ಮು ಹುಡುಕಿದಳು. ಅದು ಹಿಂದೆ ಗಾಡಿಯ ಮೇಲೆ, ದ್ರಾಕ್ಷಾಯಣಿಯ ಮುಂದೆ ಕಂಡಿತು. ಆಮೇಲೆ ಹಗ್ಗ ಕಂಡಿತು. ಅವಳ ಕೈ ಬಾಯಿಗೆ ಹೋಯಿತು.

ಝಲ್. ಧಂ. ಝಲ್. ಧಂ. ನನ್ನ ಕಾಲು ಬಿದ್ದಾಗ ದ್ರಾಕ್ಷಾಯಣಿಯ ಕೋಲು ಬೀಳುತ್ತಿತ್ತು, ಕೋಲು ಬಿದ್ದಾಗ ಇಡೀ ಶಾಲೆಯ ಎಡಗಾಲು ಬೀಳುತ್ತಿತ್ತು. ಗಾಲಿ ಕೆಸರಿನಲ್ಲಿ ಹೂತುಕೊಳ್ಳುತ್ತಿತ್ತು, ನಾನು ಬಗ್ಗಿ ಎಳೆಯುತ್ತಿದ್ದೆ. ಮಂತ್ರಿ ನನ್ನನ್ನು ತೋರಿಸಿ ಏನೋ ಅಂದರು, ಅಂದಾನೆಪ್ಪ ಹಲ್ಲು ಕಿಸಿದ. ಒಬ್ಬ ಫೋಟೋದವನು ಮಂಡಿಯೂರಿ ಕ್ಯಾಮೆರಾ ಎತ್ತಿದ.

ಸ್ಟೇಜಿನ ಎದುರಿಗೆ ಸರಿಯಾಗಿ ಬಂದೆ. ಎರಡೂ ಕಾಲು ಜೋಡಿಸಿ ನಿಂತುಬಿಟ್ಟೆ.

ದ್ರಾಕ್ಷಾಯಣಿಯ ಕೋಲು ಮೇಲೆಯೇ ಉಳಿಯಿತು. ನನ್ನ ಕಾಲು ನೋಡುತ್ತ ಕಾದಳು. ಕಾಲು ಏಳಲಿಲ್ಲ. ಸಣ್ಣ ಡ್ರಮ್ಮುಗಳು ಒಂದೊಂದು ಕಡೆ ಓಡಿದವು, ಕೊಳಲುಗಳು ಒಂದೊಂದಾಗಿ ಸತ್ತವು. ಬ್ಯಾಂಡಿನವರು ನನ್ನ ಗಾಡಿಗೆ ಬಂದು ಡಿಕ್ಕಿ ಹೊಡೆದರು. ಅವರ ಮೇಲೆ ಹತ್ತನೇ ಇಯತ್ತೆಯವರು ಬಂದರು, ಅವರ ಮೇಲೆ ಒಂಬತ್ತನೆಯವರು. ಒಬ್ಬರ ಹಿಮ್ಮಡಿ ಇನ್ನೊಬ್ಬರು ತುಳಿದರು. ಬಾವುಟ ಹಿಡಿದವನು ಕೆಸರಿನಲ್ಲಿ ಕೂತ. ಬಿಳಿ ಬಟ್ಟೆಗಳೆಲ್ಲ ಕೆಂಪಾದವು. ಜನ ಹೋ ಎಂದು ನಗತೊಡಗಿದರು. ಮಂತ್ರಿ ಸೆಲ್ಯೂಟಿಗೆ ಎತ್ತಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ತಲೆ ಕೆರೆದುಕೊಂಡರು.

ಮಾಸ್ತರ ಓಡಿ ಬಂದು ನನ್ನ ಕಿವಿಯ ಹತ್ತಿರ ಬುಸುಗುಟ್ಟಿದ. "ಎತ್ತಲೇ ಕಾಲು."

"ಎತ್ತೂದಿಲ್ರಿ."

"ಏನಂದಿ?"

"ಕಾಲು ನಂದ ಐತ್ರಿ. ಡ್ರಮ್ ನಿಮ್ದು. ನಿಮ್ಮ ಡ್ರಮ್ ನೀವ ಬಡ್ಕೊಳ್ರಿ."

ಹಗ್ಗವನ್ನು ಹೆಗಲಿನಿಂದ ತೆಗೆದು ಅವನ ಬೂಟಿನ ಮೇಲೆ ಹಾಕಿದೆ. ಕುಪ್ಪಸದೊಳಗಿನ ಮೆತ್ತೆ ತೆಗೆದು ಕೈಯಲ್ಲಿ ಹಿಡಿದುಕೊಂಡೆ. ಅದನ್ನು ಅಲ್ಲಿ ಬಿಟ್ಟು ಬರಲು ನನಗೆ ಮನಸ್ಸಿರಲಿಲ್ಲ. ಜನರ ನಡುವೆ ದಾರಿ ಬಿಡಿಸಿಕೊಂಡು ಅವ್ವನ ಹತ್ತಿರ ಹೋದೆ.

ಅಂದಾನೆಪ್ಪ ನಮ್ಮನ್ನು ಕಟ್ಟಡದ ಹಿಂದೆ ಹಿಡಿದ. ಶಾಲು ಒಂದು ಕಡೆ ಜಾರಿತ್ತು. ಮಾತಿಲ್ಲ ಕತೆಯಿಲ್ಲ, ನನ್ನ ಕೆನ್ನೆಗೆ ಬಾರಿಸಿದ. ಅವ್ವನ ಕಣ್ಣೆದುರಿಗೇ. ಕಿವಿಯೊಳಗೆ ಗುಂಯ್ ಅಂದಿತು.

"ಜಮುನಿ, ನಾಳಿಂದ ಮಿಲ್ಲಿನ ಕಡೆ ಮುಖ ತೋರಸಬ್ಯಾಡ. ಇಕಿ ಸಾಲಿ ಕಡೆ ತೋರಸಬಾರ್ದು."

ಅವ್ವ ಅವನನ್ನು ಎಂದೂ ಎದುರಿಗೆ ನೋಡಿದವಳಲ್ಲ. ಆ ದಿನ ನೋಡಿದಳು.

"ತೋರಸೂದಿಲ್ರಿ ಸಾವ್ಕಾರ್ರ. ಗದ್ದಿ ಕಡೆನೂ ತೋರಸೂದಿಲ್ಲ."

"ನೀ ಒಬ್ಬಾಕಿ ಬರದಿದ್ರ ಗದ್ದಿ ಬೀಳು ಬೀಳ್ತೈತೇನ? ತಾಂಡಾ ತುಂಬ ಹೆಂಗಸ್ರ ಅದಾರ."

ನನ್ನ ಹೆಗಲ ಮೇಲೆ ಹಗ್ಗ ಎಳೆದ ಕೆಂಪು ಗೆರೆ ಇತ್ತು, ಅವ್ವ ಅದನ್ನು ಸೆರಗಿನಿಂದ ಒರೆಸಿದಳು. ಒರೆಸಿದರೆ ಹೋಗುವುದೇ ಅದು?

ಆ ವರ್ಷ ಕೆರೆ ತುಂಬಿದ್ದು ತಡವಾಗಿತ್ತು. ಕೆರೆಯ ಕೆಳಗಿನ ಅಂದಾನೆಪ್ಪನ ಗದ್ದೆಗಳಿಗೆ ಇನ್ನೂ ನಾಟಿ ಆಗಿರಲಿಲ್ಲ. ಸಸಿ ಎದ್ದು ನಿಂತಿದ್ದವು, ಕೆಸರು ಹದವಾಗಿತ್ತು. ಮಾರನೇ ದಿನ ಅವನ ಟ್ರ್ಯಾಕ್ಟರು ಎಂದಿನಂತೆ ತಾಂಡಾದ ಬಾಯಿಗೆ ಬಂದು ಹಾರ್ನ್ ಹೊಡೆಯಿತು. ಯಾರೂ ಹತ್ತಲಿಲ್ಲ.

ಲಾಲು ನಾಯಕ ಹೆಂಗಸರನ್ನು ಕಟ್ಟೆಯ ಹತ್ತಿರ ಕರೆದು ಬೈದ. "ಹುಡುಗಾಟ ಹಚ್ಚೀರೇನ? ಹೊಟ್ಟಿಗೆ ಏನ ತಿಂತೀರಿ?"

ಗೋದುಬಾಯಿ ಮುದುಕಿ. ಅಂದಾನೆಪ್ಪನ ಗದ್ದೆಯಲ್ಲಿ ಹಿಂದೆ ಹಿಂದೆ ಹೆಜ್ಜೆ ಇಟ್ಟು ನಾಟಿ ಮಾಡಿಯೇ ಸೊಂಟ ಬಗ್ಗಿದವಳು.

"ನಮ್ಮ ಹುಡುಗಿಗೆ ಹಗ್ಗ ಹಚ್ಚಿದ್ರು," ಅಂದಳು. "ಎತ್ತಿಗೆ ಹಚ್ಚಿದಂಗ ಹಚ್ಚಿದ್ರು. ಅದೂ ಈ ಬಟ್ಟಿ ತೊಡಿಸಿ. ನಾ ಕಣ್ಣಾರೆ ನೋಡೇನಿ. ಆತನ ಕೆಸರಾಗ ನಾ ಕಾಲ ಇಡೂದಿಲ್ಲ. ನೀ ಬೇಕಾದ್ರ ಹೋಗಿ ನಾಟಿ ಹಚ್ಚು ನಾಯಕ, ಗಂಡಸು ಅದೀಯಲ್ಲ."

ಯಾರೋ ನಕ್ಕರು. ಆಮೇಲೆ ಯಾರೂ ಹೋಗಲಿಲ್ಲ. ಸುಲಭ ಇರಲಿಲ್ಲ. ಕೆಲವರು ಟಿಬೆಟಿಯನ್ ಕ್ಯಾಂಪಿನ ಗೋವಿನಜೋಳದ ಹೊಲಗಳಿಗೆ ಕಳೆ ತೆಗೆಯಲು ಹೋದರು, ಕೆಲವರು ಗಾರ್ಡಿನ ಕಣ್ಣು ತಪ್ಪಿಸಿ ಕಾಡಿಗೆ ಹೋದರು. ಎಷ್ಟೋ ಒಲೆಗಳ ಮೇಲೆ ಒಪ್ಪೊತ್ತು ಬರೀ ಗೆಣಸು ಬೆಂದವು. ನನ್ನ ತಮ್ಮ ಹಸಿವಿಗೆ ಅತ್ತಾಗ ಇದೆಲ್ಲ ನನ್ನಿಂದ ಆಯಿತೇ ಎಂದು ಅವ್ವನನ್ನು ಕೇಳಿದೆ. "ನಿನ್ನಿಂದ ಅಲ್ಲ, ಆತನಿಂದ," ಅಂದಳು. ಆಮೇಲೆ ಆ ಪ್ರಶ್ನೆ ನಾನು ಯಾರನ್ನೂ ಕೇಳಿಲ್ಲ, ನನ್ನನ್ನೂ ಕೇಳಿಕೊಂಡಿಲ್ಲ.

ಅಂದಾನೆಪ್ಪ ಹಳಿಯಾಳದ ಕಡೆಯಿಂದ ಆಳು ತರಿಸಲು ನೋಡಿದ. ಎಲ್ಲ ಕಡೆಯೂ ನಾಟಿಯ ಕಾಲ, ಯಾರು ಬರುತ್ತಾರೆ? ಮಡಿಯಲ್ಲಿ ಸಸಿ ಬಲಿತವು. ತುದಿ ಹಳದಿಯಾಯಿತು. ನಾನು ದಿನಾ ಬದುವಿನ ಮೇಲೆ ನಿಂತು ಅದನ್ನು ನೋಡುತ್ತಿದ್ದೆ. ಬೇರೆಯವರ ಬೆಳೆ ಕೆಟ್ಟರೆ ಮರುಗಬೇಕಂತೆ. ನಾನು ಮರುಗಲಿಲ್ಲ. ಹೊಟ್ಟೆ ತುಂಬ ನೋಡಿದೆ.

ಕಡೆಗೆ ಒಂದು ಮಧ್ಯಾಹ್ನ ಅವನೇ ಬಂದ. ಕೆಸರಿಗೆ ಜೀಪು ತಾಂಡಾದ ಒಳಗೆ ಬರಲಿಲ್ಲ. ದೂರದಲ್ಲಿ ನಿಲ್ಲಿಸಿ, ಧೋತರ ಎತ್ತಿ ಹಿಡಿದು, ನಡೆದು ಬಂದ. ಹೆಂಗಸರು ಅಂಗಳಗಳಲ್ಲಿ ಕೂತಲ್ಲೇ ಕೂತಿದ್ದರು. ಯಾರೂ ಎದ್ದು ನಿಲ್ಲಲಿಲ್ಲ. ಲಾಲು ನಾಯಕ ಮಾತ್ರ ಅರ್ಧ ಎದ್ದು, ಗೋದುಬಾಯಿಯ ಮುಖ ನೋಡಿ ಮತ್ತೆ ಕೂತ.

"ಜಮುನಾಬಾಯಿ," ಅಂದ ಅಂದಾನೆಪ್ಪ. ಜಮುನಿ ಹೋಗಿ ಜಮುನಾಬಾಯಿ ಆಗಿತ್ತು. "ಆದದ್ದು ಆಗಿ ಹೋತು. ಸಣ್ಣ ಹುಡುಗಿ, ತಿಳೀಲಾರದ ಮಾಡ್ಯಾಳ. ಸಾಲಿಗೆ ಕಳಸು. ಡ್ರಮ್ಮೂ ಇಕಿಗೇ ಕೊಡಸ್ತೇನಿ. ಇನ್ನ ನಾಕು ದಿನಾ ಬಿಟ್ರ ಸಸಿ ನಾಟಿಗೆ ಬರೂದಿಲ್ಲ. ನಾಳಿಗೆ ಎಲ್ಲಾರನೂ ಕರಕೊಂಡು ಬಾ."

ಅವ್ವ ನನ್ನ ಕಡೆ ನೋಡಿದಳು. ಹೇಳು ಅನ್ನುವ ಹಾಗೆ ನೋಡಿದಳು. ನಾನು ಗುಡಿಸಲ ಬಾಗಿಲಲ್ಲಿ ಎಣ್ಣೆಯ ಡಬ್ಬ ಬೋರಲು ಹಾಕಿಕೊಂಡು ಕೂತಿದ್ದೆ. ಡ್ರಮ್ಮು ಎಂಬ ಮಾತು ಕೇಳಿ ಎದೆ ಒಮ್ಮೆ ಹಾರಿತು, ಅದನ್ನು ಇಲ್ಲವೆನ್ನುವುದಿಲ್ಲ. ಅದರ ಸದ್ದು ಹೊಟ್ಟೆಯೊಳಗೆ ಇನ್ನೂ ಇತ್ತು. ಆದರೆ ಕೆನ್ನೆಯ ಮೇಲೆ ಅವನ ಕೈಯೂ ಇನ್ನೂ ಇತ್ತು.

"ತಿಳೀಲಾರದ ಮಾಡಿಲ್ರಿ, ತಿಳದ ಮಾಡೇನಿ," ಅಂದೆ. "ನಾಟಿಗೆ ಬರ್ತಾರ್ರಿ. ನೀವು ಮೊದಲ ಇಲ್ಲಿ ಒಂದ್ ಸುತ್ತ ಕುಣೀರಿ."

"ಏನು?"

"ನಿಮ್ಮ ಸಾಲ್ಯಾಗ ನನಗ ಕುಣಿ ಅಂದಿದ್ರಲ್ಲ, ಮಂತ್ರಿ ಮುಂದ. ಈಗ ನೀವು ಇವ್ರ ಮುಂದ ಕುಣೀರಿ. ನಾ ಬಾರಸ್ತೇನಿ."

ಅವನ ಮುಖ ಕೆಂಪಾಯಿತು. ಕೈ ಮೇಲೆದ್ದಿತು. ಗೋದುಬಾಯಿ ಕುಡುಗೋಲು ಹಿಡಿದು ಎದ್ದು ನಿಂತಳು. ಅವಳ ಹಿಂದೆ ಅವ್ವ ಎದ್ದಳು, ಎಲ್ಲರೂ ಎದ್ದರು. ಎತ್ತಿದ ಕೈ ಹೆಗಲ ಮೇಲಿನ ಟವೆಲು ಸರಿಮಾಡಿ ಕೆಳಗಿಳಿಯಿತು. ಅವನು ತಿರುಗಿ ಜೀಪಿನ ಕಡೆ ಹೆಜ್ಜೆ ಹಾಕಿದ.

ನಾನು ಡಬ್ಬದ ಮೇಲೆ ಬಡಿದೆ. ಧಂ. ಅವನ ಎಡಗಾಲು ಬಿತ್ತು. ಧಂ. ಮತ್ತೆ ಬಿತ್ತು. ಅವನಿಗೂ ಗೊತ್ತಾಯಿತು. ತಡೆದು ನಿಂತ. ನಾನೂ ತಡೆದೆ. ಕಾಲೆತ್ತಿದ, ಇಟ್ಟ ಕೂಡಲೇ ಬಡಿದೆ. ಹೆಜ್ಜೆ ತಪ್ಪಿಸಲು ನೋಡಿದ, ಕೆಸರಿನಲ್ಲಿ ಚಪ್ಪಲಿ ಸಿಕ್ಕಿಕೊಂಡಿತು. ತಾಂಡಾದ ಮಕ್ಕಳು ಅವನ ಹಿಂದೆ ಸಾಲು ಕಟ್ಟಿ ಎಡಗಾಲು ಕುಟ್ಟತೊಡಗಿದವು. ಚಪ್ಪಲಿ ಬಿಟ್ಟು ಬರಿಗಾಲಿನಲ್ಲಿ ಬೇಗ ಬೇಗ ನಡೆದ, ನಾನೂ ಬೇಗ ಬೇಗ ಬಡಿದೆ. ಅವ್ವ ನಗುತ್ತಿದ್ದಳು.

ಆ ವರ್ಷ ಅವನ ಗದ್ದೆ ಬೀಳು ಬಿತ್ತು. ಆ ಶಾಲೆಗೆ ನಾನು ಮತ್ತೆ ಹೋಗಲಿಲ್ಲ, ಹಳಿಯಾಳದ ಹಾಸ್ಟೆಲ್ಲಿನಲ್ಲಿದ್ದು ಓದಿದೆ. ಡ್ರಮ್ಮು ಇವತ್ತಿನವರೆಗೂ ನನ್ನ ಹೆಗಲಿಗೆ ಬಂದಿಲ್ಲ. ಆದರೆ ಆ ಮಧ್ಯಾಹ್ನ ಊರಿನ ಸಾವಕಾರನನ್ನು ನಮ್ಮ ಅಂಗಳದಿಂದ ಜೀಪಿನವರೆಗೂ ನಡೆಸಿಕೊಂಡು ಹೋದವಳು ನಾನೇ.